ಹೊಡೆದಾಡುವ ದೇಶಗಳ ನಾಯಕರು ಎದುರುಬದುರು ಕೂರುವರೇ?

2025ರ ಆಗಸ್ಟ್ 18ರಂದು ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ ಮತ್ತು ಯುರೋಪಿನ ಹಲವು ನಾಯಕರು ಶ್ವೇತಭವನದಲ್ಲಿ ಸೇರಿದ್ದಾಗಲೇ ಡೊನಾಲ್ಡ್ ಟ್ರಂಪ್ ಮಾಸ್ಕೋಗೆ ಫೋನ್ ಮಾಡಿದರು. ಪುಟಿನ್ ಮತ್ತು ಝೆಲೆನ್‌ಸ್ಕಿ ಅವರನ್ನು ಮುಖಾಮುಖಿ ಮಾಡಿಸುವ ಏರ್ಪಾಟು ಶುರುವಾಗಿದೆ ಎಂದು ಆಮೇಲೆ ಪ್ರಕಟಿಸಿದರು. ಎರಡು ವಾರದೊಳಗೆ ಭೇಟಿ ನಡೆಯಲಿದೆ ಎಂದು ಜರ್ಮನಿಯ ಚಾನ್ಸಲರ್ ಫ್ರೀಡ್ರಿಕ್ ಮೆರ್ಜ್ ಪತ್ರಕರ್ತರಿಗೆ ಹೇಳಿದರು. ಮೂರು ದಿನ ಮುಂಚೆಯಷ್ಟೇ ಅಲಾಸ್ಕಾದಲ್ಲಿ ಟ್ರಂಪ್ ಅವರು ಪುಟಿನ್ ಅವರನ್ನು ಕೆಂಪು ಹಾಸು ಹಾಸಿ ಬರಮಾಡಿಕೊಂಡಿದ್ದರು. ಎರಡು ವಾರ ಕಳೆಯಿತು. ಬೇಕಿದ್ದರೆ ಝೆಲೆನ್‌ಸ್ಕಿ ಮಾಸ್ಕೋಗೇ ಬರಲಿ ಎಂದು ಸೆಪ್ಟೆಂಬರ್ 3ರಂದು ಪುಟಿನ್ ಬೀಜಿಂಗ್‌ನಲ್ಲಿ ಹೇಳಿದರು. ನಮ್ಮ ಮೇಲೆ ಕ್ಷಿಪಣಿ ಸುರಿಸುವವರ ರಾಜಧಾನಿಗೆ ಹೋಗಲಾರೆ, ಅವರೇ ಕೀವ್‌ಗೆ ಬರಬಹುದು ಎಂಬ ಉತ್ತರ ಬಂತು. 2025 ಮುಗಿದರೂ ಭೇಟಿ ನಡೆಯಲಿಲ್ಲ.

ಆ ವರ್ಷದ ಕೊನೆಯವರೆಗಿನ ಲೆಕ್ಕ ತೆಗೆದರೆ ಇವರಿಬ್ಬರೂ ಒಂದೇ ಮೇಜಿನ ಸುತ್ತ ಕೂತದ್ದು ಒಂದೇ ಸಲ. ಅದು 2019ರ ಡಿಸೆಂಬರ್ 9ರಂದು, ಪ್ಯಾರಿಸ್‌ನಲ್ಲಿ, ಮ್ಯಾಕ್ರಾನ್ ಮತ್ತು ಮರ್ಕೆಲ್ ಅವರ ಸಮ್ಮುಖದಲ್ಲಿ. 2022ರ ಫೆಬ್ರುವರಿ 24ರಂದು ಪೂರ್ಣ ಪ್ರಮಾಣದ ದಾಳಿ ಆರಂಭವಾದ ಮೇಲೆ 'ಇನ್ನೇನು ಭೇಟಿ ಆಗಿಯೇ ಬಿಡುತ್ತದೆ' ಎಂಬ ಮಾತು ಎಷ್ಟು ಸಲ ಎದ್ದಿತೋ ಅಷ್ಟೂ ಸಲ ಸುಳ್ಳಾಯಿತು. ಆದರೂ ಪ್ರತಿ ಬಾರಿ ಜಗತ್ತು ಹೊಸದಾಗಿ ನಂಬುತ್ತದೆ. ಈ ನಂಬಿಕೆ ಯಾಕೆ ಇಷ್ಟು ಸುಲಭವಾಗಿ ಹುಟ್ಟುತ್ತದೆ, ಹಿಂದಿನ ಯುದ್ಧಗಳು ಈ ವಿಷಯದಲ್ಲಿ ಏನು ಹೇಳುತ್ತವೆ, ಇಂಥ ಭೇಟಿಯನ್ನು ಮುಂಚಿತವಾಗಿ ಅಂದಾಜು ಮಾಡಲು ದಾರಿ ಇದೆಯೇ ಎಂಬುದನ್ನು ಒಟ್ಟಾಗಿ ನೋಡಬೇಕಾಗಿದೆ.

ಇದು ನಮಗೆ ದೂರದ ವಿಷಯವಲ್ಲ. 2022ರ ಫೆಬ್ರುವರಿ 28ರಂದು ಬೆಲಾರುಸ್ ಗಡಿಯಲ್ಲಿ ರಷ್ಯಾ ಮತ್ತು ಉಕ್ರೇನ್ ನಿಯೋಗಗಳು ಮೊದಲ ಸುತ್ತಿನ ಮಾತುಕತೆಗೆ ಕೂತವು. ಮರುದಿನವೇ, ಮಾರ್ಚ್ 1ರಂದು, ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಹಾವೇರಿ ಜಿಲ್ಲೆಯ ಹುಡುಗ ಶೆಲ್ ದಾಳಿಗೆ ಬಲಿಯಾದ. ಭದ್ರತಾ ಕೆಲಸವೆಂದು ನಂಬಿ ಹೋದ ಕಲಬುರಗಿ ಕಡೆಯ ಯುವಕರು ರಷ್ಯಾ ಸೇನೆಯಲ್ಲಿ ಸಿಕ್ಕಿಬಿದ್ದ ಸುದ್ದಿ 2024ರಲ್ಲಿ ಬಂತು. ಒಂದು ಕಡೆ ಮಾತುಕತೆ, ಇನ್ನೊಂದು ಕಡೆ ಸಾವು, ಎರಡೂ ಜತೆಜತೆಗೇ ನಡೆಯುತ್ತವೆ. ಮಾತುಕತೆಯ ಸುದ್ದಿ ಕೇಳಿ ಮಕ್ಕಳನ್ನು ಅಲ್ಲೇ ಇರಲು ಬಿಡಬೇಕೇ, ವಾಪಸು ಕರೆಸಿಕೊಳ್ಳಬೇಕೇ ಎಂದು ತೀರ್ಮಾನಿಸುವ ಮನೆಗಳಿಗೆ ಈ ಅಂದಾಜು ಸರಿಯಾಗಿರುವುದು ಬಹಳ ಮುಖ್ಯ.

ಮೊದಲು ಪ್ರಶ್ನೆಯನ್ನೇ ಬಿಗಿ ಮಾಡಿಕೊಳ್ಳಬೇಕು. 'ನೇರ ಮಾತುಕತೆ' ಎಂದರೆ ಒಂದೇ ಕೋಣೆಯಲ್ಲಿ ಕೂರುವುದೇ, ಫೋನಿನಲ್ಲಿ ಮಾತಾಡಿದರೂ ಆದೀತೇ? 1999ರಲ್ಲಿ ಕಾರ್ಗಿಲ್ ಕದನ ನಡೆಯುತ್ತಿದ್ದಾಗಲೇ ವಾಜಪೇಯಿ ಮತ್ತು ನವಾಜ್ ಷರೀಫ್ ದೂರವಾಣಿಯಲ್ಲಿ ಮಾತಾಡಿದ್ದರು. ಅದನ್ನು ಲೆಕ್ಕಕ್ಕೆ ಹಿಡಿದರೆ ಉತ್ತರ ಒಂದು, ಬಿಟ್ಟರೆ ಇನ್ನೊಂದು. ನಡುವೆ ಮೂರನೆಯವರು ಕೂತಿದ್ದರೆ ಅದು ನೇರವೇ? ಯಾವ ದಿನಾಂಕದೊಳಗೆ? ಇವನ್ನು ಮೊದಲೇ ಬರೆದಿಡದಿದ್ದರೆ ಆಮೇಲೆ ಎಲ್ಲರೂ ತಾವು ಹೇಳಿದ್ದೇ ಸರಿ ಎನ್ನಬಹುದು. 2025ರಲ್ಲಿ ಪಾಲಿಮಾರ್ಕೆಟ್ ಎಂಬ ಪಣದ ಮಾರುಕಟ್ಟೆಯಲ್ಲಿ ಝೆಲೆನ್‌ಸ್ಕಿ ಸೂಟ್ ಧರಿಸುವರೇ ಎಂಬ ಪ್ರಶ್ನೆಯ ಮೇಲೆ ಕೋಟ್ಯಂತರ ಡಾಲರ್ ಹೂಡಿಕೆಯಾಯಿತು. ಅವರು ಕಪ್ಪು ಕೋಟು ಹಾಕಿಕೊಂಡು ಬಂದರು. ಅದು ಸೂಟ್ ಹೌದೋ ಅಲ್ಲವೋ ಎಂಬ ಜಗಳ ವಾರಗಟ್ಟಲೆ ನಡೆದು ಕೊನೆಗೆ 'ಅಲ್ಲ' ಎಂದು ಇತ್ಯರ್ಥವಾಯಿತು. ಒಂದು ಉಡುಪಿನ ವಿಷಯದಲ್ಲೇ ಇಷ್ಟು ಗೊಂದಲವಾದರೆ 'ಮಾತುಕತೆ'ಯ ಗತಿ ಊಹಿಸಿಕೊಳ್ಳಬಹುದು. ಈ ಲೇಖನದ ಮಟ್ಟಿಗೆ ನಾನು ಹಿಡಿಯುವ ಅರ್ಥ ಇಷ್ಟು: ಯುದ್ಧ ನಿಲ್ಲುವ ಮೊದಲು, ಎರಡೂ ದೇಶಗಳಲ್ಲಿ ಕೊನೆಯ ತೀರ್ಮಾನ ಯಾರ ಕೈಯಲ್ಲಿದೆಯೋ ಅವರು ಒಂದೇ ಕೋಣೆಯಲ್ಲಿ ಕೂತು ಮಾತಾಡುವುದು.

ಹೀಗೆ ಕೇಳಿಕೊಂಡು ಕಳೆದ ಎಪ್ಪತ್ತೈದು ವರ್ಷಗಳ ಯುದ್ಧಗಳನ್ನು ತಿರುವಿ ನೋಡಿದರೆ ಸಾಲುಸಾಲಾಗಿ 'ಇಲ್ಲ' ಎಂಬ ಉತ್ತರವೇ ಸಿಗುತ್ತದೆ. ಇರಾನ್–ಇರಾಕ್ ಯುದ್ಧ 1980ರ ಸೆಪ್ಟೆಂಬರ್‌ನಿಂದ 1988ರ ಆಗಸ್ಟ್‌ವರೆಗೆ ನಡೆಯಿತು. ಸದ್ದಾಂ ಹುಸೇನ್ ಮತ್ತು ಖೊಮೇನಿ ಒಮ್ಮೆಯೂ ಎದುರಾಗಲಿಲ್ಲ, ವಿಶ್ವಸಂಸ್ಥೆಯ 598ನೇ ನಿರ್ಣಯವನ್ನು ಇಬ್ಬರೂ ತಂತಮ್ಮ ರಾಜಧಾನಿಯಲ್ಲೇ ಕೂತು ಒಪ್ಪಿದರು. ಆ ಒಪ್ಪಿಗೆ ವಿಷ ಕುಡಿದಂತೆ ಎಂದು ಖೊಮೇನಿ ತಮ್ಮ ಜನರಿಗೆ ಹೇಳಿದ್ದು ಎಲ್ಲರಿಗೂ ಗೊತ್ತು. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟನ್ನಿನ ಥ್ಯಾಚರ್ ಮತ್ತು ಅರ್ಜೆಂಟೀನಾದ ಗಾಲ್ಟಿಯೇರಿ ಭೇಟಿಯಾಗಲಿಲ್ಲ. 2008ರ ಜಾರ್ಜಿಯಾ ಯುದ್ಧದಲ್ಲಿ ಮಾಸ್ಕೋ ಮತ್ತು ಟಿಬಿಲಿಸಿ ನಡುವೆ ಓಡಾಡಿದ್ದು ಫ್ರಾನ್ಸಿನ ಸಾರ್ಕೋಜಿ. ವಿಯೆಟ್ನಾಂ ವಿಷಯದಲ್ಲಿ ಅಮೆರಿಕದ ಯಾವ ಅಧ್ಯಕ್ಷರೂ ಹನೋಯ್‌ನ ನಾಯಕರ ಎದುರು ಕೂರಲಿಲ್ಲ. ಪ್ಯಾರಿಸ್‌ನಲ್ಲಿ ಗುಟ್ಟಾಗಿ ಕೂತವರು ಕಿಸಿಂಜರ್ ಮತ್ತು ಲೆ ಡಕ್ ಥೋ. ಅಲ್ಲಿ ವಿಸ್ತೃತ ಬಹಿರಂಗ ಮಾತುಕತೆಗೆ ಮುನ್ನ, 1968ರ ಕೊನೆಯಿಂದ 1969ರ ಜನವರಿಯವರೆಗೆ, ಮೇಜು ಯಾವ ಆಕಾರದಲ್ಲಿರಬೇಕು ಎಂಬುದರ ಮೇಲೇ ವಾರಗಟ್ಟಲೆ ಜಗ್ಗಾಟ ನಡೆಯಿತು. ಒಪ್ಪಂದಕ್ಕೆ ಸಹಿ ಬಿದ್ದದ್ದು 1973ರ ಜನವರಿ 27ಕ್ಕೆ.

ಕೊರಿಯಾ ಯುದ್ಧವನ್ನು ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಮಾತುಕತೆ ಎಂಬುದು ನಿಜವಾಗಿ ಯಾವುದರ ಮೇಲೆ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ಅಲ್ಲಿ ನಿಚ್ಚಳವಾಗಿದೆ. 1951ರ ಜುಲೈ 10ರಂದು ಕೇಸಾಂಗ್‌ನಲ್ಲಿ ಸೇನಾಧಿಕಾರಿಗಳ ನಡುವೆ ಮಾತು ಶುರುವಾಯಿತು. ಆಮೇಲೆ ಪನ್‌ಮುಂಜಾಮ್‌ಗೆ ಸ್ಥಳಾಂತರವಾಯಿತು. ಗಡಿರೇಖೆಯ ವಿಷಯ ಬಹುಮಟ್ಟಿಗೆ ಬೇಗ ಬಗೆಹರಿಯಿತು. ಉಳಿದದ್ದು ಯುದ್ಧಕೈದಿಗಳ ಪ್ರಶ್ನೆ: ತಮ್ಮ ದೇಶಕ್ಕೆ ಮರಳಲು ಒಲ್ಲೆ ಎನ್ನುವ ಕೈದಿಯನ್ನು ಬಲವಂತವಾಗಿ ಕಳಿಸಬೇಕೇ? ಈ ಒಂದೇ ಪ್ರಶ್ನೆಗೆ ಸುಮಾರು ಒಂದೂವರೆ ವರ್ಷ ಹೋಯಿತು, ಆ ಅವಧಿಯಲ್ಲಿ ಸಾವಿರಾರು ಸೈನಿಕರು ಗುಡ್ಡಗಳ ಮೇಲೆ ಸತ್ತರು. 1952ರ ಡಿಸೆಂಬರ್‌ನಲ್ಲಿ ಭಾರತ ಮಂಡಿಸಿದ್ದ ಒಂದು ನಡುದಾರಿಯ ನಿರ್ಣಯವನ್ನು ವಿಶ್ವಸಂಸ್ಥೆ ಅಂಗೀಕರಿಸಿತು. 1953ರ ಮಾರ್ಚ್ 5ರಂದು ಸ್ಟಾಲಿನ್ ತೀರಿಕೊಂಡ ಮೇಲೆ ಗಂಟು ಸಡಿಲವಾಯಿತು, ಜುಲೈ 27ಕ್ಕೆ ಕದನವಿರಾಮಕ್ಕೆ ಸಹಿಯಾಯಿತು. ಮರಳಲೊಲ್ಲದ ಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ಕೊಡಗಿನ ಕೋದಂಡೇರ ಸುಬ್ಬಯ್ಯ ತಿಮ್ಮಯ್ಯ. ಆಗ ಅವರು ಲೆಫ್ಟಿನೆಂಟ್ ಜನರಲ್. ವಿಶ್ವಸಂಸ್ಥೆಯ ಪಡೆಗಳು ಹಿಡಿದಿದ್ದ ಸುಮಾರು 22,600 ಚೀನೀ ಮತ್ತು ಉತ್ತರ ಕೊರಿಯಾ ಕೈದಿಗಳು ಅವರ ಆಯೋಗದ ಸುಪರ್ದಿಗೆ ಬಂದರು. ಎರಡೂ ಕಡೆಯವರು ಬೈಯುತ್ತಿದ್ದಾಗ, ಶಿಬಿರಗಳ ಒಳಗೇ ಗುಂಪುಗಾರಿಕೆ ಕುದಿಯುತ್ತಿದ್ದಾಗ, ಆ ಕೆಲಸವನ್ನು ಅವರು ಮಾಡಿ ಮುಗಿಸಿದರು. ಕೊರಿಯಾದ ಇಬ್ಬರು ನಾಯಕರು ಭೇಟಿಯಾದದ್ದು? 2000ದ ಜೂನ್‌ನಲ್ಲಿ, ಪ್ಯೊಂಗ್‌ಯಾಂಗ್‌ನಲ್ಲಿ. ಅಂದರೆ ಗುಂಡಿನ ಸದ್ದು ನಿಂತು 47 ವರ್ಷಗಳಾದ ಮೇಲೆ. ಯುದ್ಧ ನಿಲ್ಲಲು ಆ ಭೇಟಿ ಬೇಕಾಗಲಿಲ್ಲ, ತಿಮ್ಮಯ್ಯನವರು ಹೊತ್ತುಕೊಂಡಂಥ ಕೆಲಸ ಬೇಕಾಯಿತು.

ನಮ್ಮ ಉಪಖಂಡದ ಕಥೆಯೂ ಇದೇ ಜಾಡಿನದು. 1965ರ ಯುದ್ಧದ ವಿಷಯದಲ್ಲಿ ಶಾಸ್ತ್ರಿ ಮತ್ತು ಅಯೂಬ್ ಖಾನ್ ತಾಷ್ಕೆಂಟ್‌ನಲ್ಲಿ ಕೂತದ್ದು ಸೆಪ್ಟೆಂಬರ್‌ನ ಕದನವಿರಾಮ ಕಳೆದು ಮೂರು ತಿಂಗಳಾದ ಮೇಲೆ, 1966ರ ಜನವರಿಯಲ್ಲಿ. 1971ರ ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿ. ಇಂದಿರಾ ಗಾಂಧಿ ಮತ್ತು ಭುಟ್ಟೊ ಸಿಮ್ಲಾದಲ್ಲಿ ಭೇಟಿಯಾದದ್ದು ಮುಂದಿನ ಜೂನ್ ಕೊನೆಗೆ. 1962ರಲ್ಲಿ ಚೀನಾ ತಾನಾಗಿಯೇ ಕದನವಿರಾಮ ಸಾರಿತು, ಆನಂತರ ಭಾರತದ ಪ್ರಧಾನಿಯೊಬ್ಬರು ಬೀಜಿಂಗ್‌ಗೆ ಹೋಗಲು 1988ರ ಡಿಸೆಂಬರ್ ಬರಬೇಕಾಯಿತು. 2025ರ ಮೇ 10ರಂದು ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು ಭಾರತದ ಮಹಾನಿರ್ದೇಶಕರಿಗೆ ಕರೆ ಮಾಡಿದರು, ಸಂಜೆ 5ರಿಂದ ಗುಂಡು ನಿಲ್ಲಿಸಲು ಇಬ್ಬರೂ ಒಪ್ಪಿದರು. ಪ್ರಧಾನಿಗಳು ಮಾತಾಡುವ ಅಗತ್ಯವೇ ಬೀಳಲಿಲ್ಲ. ಬೋಸ್ನಿಯಾ ಯುದ್ಧದ ಮೂವರು ಅಧ್ಯಕ್ಷರು 1995ರ ನವೆಂಬರ್‌ನಲ್ಲಿ ಅಮೆರಿಕದ ಡೇಟನ್‌ನಲ್ಲಿ ಮೂರು ವಾರ ಕೂತರು ನಿಜ, ಆದರೆ ಅಕ್ಟೋಬರ್‌ನಲ್ಲೇ ಕದನವಿರಾಮ ಜಾರಿಯಾಗಿತ್ತು. ತಾಳಮದ್ದಳೆಯಲ್ಲಿ ಕೃಷ್ಣಸಂಧಾನ ಕೇಳಿದವರಿಗೆ ಇದೇನೂ ಹೊಸದೆನಿಸದು. ಅಲ್ಲಿಯೂ ಧರ್ಮರಾಯ ಹಸ್ತಿನಾವತಿಗೆ ಬರುವುದಿಲ್ಲ. ಬರುವವನು, ವಾದಿಸುವವನು, ಅವಮಾನ ಸಹಿಸಿ ಹಿಂತಿರುಗುವವನು ಕೃಷ್ಣ.

ಹಾಗಾದರೆ ಅಪವಾದಗಳಿಲ್ಲವೇ? ಇವೆ, ಮತ್ತು ಅವೇ ಈ ಇಡೀ ವಿಷಯದಲ್ಲಿ ಹೆಚ್ಚು ಕಲಿಸುವಂಥವು. 2015ರ ಫೆಬ್ರುವರಿ 11ರ ಸಂಜೆಯಿಂದ ಮರುದಿನದವರೆಗೆ ಮಿನ್ಸ್ಕ್‌ನಲ್ಲಿ ಪುಟಿನ್ ಮತ್ತು ಅಂದಿನ ಉಕ್ರೇನ್ ಅಧ್ಯಕ್ಷ ಪೊರೊಶೆಂಕೊ ರಾತ್ರಿಯಿಡೀ ಕೂತರು; ಆಗ ಡೆಬಾಲ್ಟ್ಸೆವ್‌ನಲ್ಲಿ ಕಾಳಗ ಜೋರಾಗಿತ್ತು. 2025ರ ಮಾರ್ಚ್ 18ರಂದು ಯಾವ ಮುನ್ಸೂಚನೆಯೂ ಇಲ್ಲದೆ ರುವಾಂಡಾದ ಕಗಾಮೆ ಮತ್ತು ಕಾಂಗೊದ ಚಿಸೆಕೆಡಿ ದೋಹಾದಲ್ಲಿ ಕತಾರ್ ಅಮೀರರ ಮುಂದೆ ಭೇಟಿಯಾದರು. ಆಗ ಪೂರ್ವ ಕಾಂಗೊದ ದೊಡ್ಡ ನಗರಗಳು ಎಂ23 ಬಂಡುಕೋರರ ಕೈಯಲ್ಲಿದ್ದವು. ಈ ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಎರಡರಲ್ಲೂ ಒಂದು ಪಕ್ಷ 'ಈ ಯುದ್ಧದಲ್ಲಿ ನಾವಿಲ್ಲವೇ ಇಲ್ಲ' ಎಂದು ವಾದಿಸುತ್ತಿತ್ತು. ಡಾನ್‌ಬಾಸ್‌ನಲ್ಲಿ ಹೋರಾಡುವವರು ಸ್ಥಳೀಯರು ಎಂದು ರಷ್ಯಾ, ಎಂ23ಗೂ ತನಗೂ ಸಂಬಂಧವಿಲ್ಲ ಎಂದು ರುವಾಂಡಾ. ಯುದ್ಧದಲ್ಲಿಲ್ಲ ಎಂದು ಹೇಳಿಕೊಳ್ಳುವ ನಾಯಕನಿಗೆ ಎದುರಾಳಿಯ ಮುಂದೆ ಕೂತರೆ ಮುಖಭಂಗವಿಲ್ಲ, ಅವನು ಹಿತೈಷಿಯ ವೇಷದಲ್ಲಿ ಬರಬಲ್ಲ. 2022ರ ಫೆಬ್ರುವರಿಯಲ್ಲಿ ಪುಟಿನ್ ಆ ವೇಷವನ್ನು ತಾವೇ ಕಳಚಿಟ್ಟರು. ಮಿನ್ಸ್ಕ್‌ನಲ್ಲಿ ಆದದ್ದು ಮತ್ತೆ ಯಾಕಾಗದು ಎಂದು ಕೇಳುವವರು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ.

ಮೂರನೆಯ ಅಪವಾದ ಈಜಿಪ್ಟಿನ ಅಧ್ಯಕ್ಷ ಅನ್ವರ್ ಸಾದಾತ್. 1977ರ ನವೆಂಬರ್ 9ರಂದು ಈಜಿಪ್ಟಿನ ಸಂಸತ್ತಿನಲ್ಲಿ, ಶಾಂತಿಗಾಗಿ ಇಸ್ರೇಲಿನ ಸಂಸತ್ತಿಗೂ ಹೋಗಲು ಸಿದ್ಧ ಎಂದರು. ಅದು ಭಾಷಣದ ಅಲಂಕಾರವಿರಬೇಕೆಂದು ಕೇಳಿದವರು ಭಾವಿಸಿದರು. ಹತ್ತು ದಿನಕ್ಕೆ ಅವರ ವಿಮಾನ ಇಸ್ರೇಲಿನಲ್ಲಿ ಇಳಿಯಿತು. ಇಸ್ರೇಲಿನ ಸೇನಾ ಮುಖ್ಯಸ್ಥ ಮೊರ್ದೆಖಾಯ್ ಗುರ್ ಇದೊಂದು ಮೋಸವಿರಬಹುದೆಂದು ಎಚ್ಚರಿಸಿದ್ದರು. ಈಜಿಪ್ಟಿನ ವಿದೇಶಾಂಗ ಸಚಿವ ಇಸ್ಮಾಯಿಲ್ ಫಹ್ಮಿ ರಾಜೀನಾಮೆ ಕೊಟ್ಟರು. ಯಾರಾದರೂ 'ಮುಂದಿನ ತಿಂಗಳು ಭೇಟಿ ಆಗುತ್ತದೆಯೇ' ಎಂದು ಅಕ್ಟೋಬರ್‌ನಲ್ಲಿ ಕೇಳಿದ್ದರೆ, ತಿಳಿದವರೆಲ್ಲ ನಕ್ಕುಬಿಡುತ್ತಿದ್ದರು. ಆದರೆ ಸೆಪ್ಟೆಂಬರ್‌ನಲ್ಲೇ ಮೊರಾಕೊದಲ್ಲಿ ಇಸ್ರೇಲಿನ ಮೋಶೆ ದಯಾನ್ ಮತ್ತು ಸಾದಾತರ ಆಪ್ತ ಹಸನ್ ತುಹಾಮಿ ಗುಟ್ಟಾಗಿ ಭೇಟಿಯಾಗಿದ್ದರು. ಅದಕ್ಕೂ ನಾಲ್ಕು ವರ್ಷ ಮುಂಚೆ, 1973ರ ಯುದ್ಧದ ಬೆನ್ನಿಗೇ, ಕೈರೊ–ಸೂಯೆಜ್ ರಸ್ತೆಯ 101ನೇ ಕಿಲೋಮೀಟರಿನಲ್ಲಿ ಎರಡೂ ಸೇನೆಗಳ ಜನರಲ್‌ಗಳು ಗುಡಾರ ಹಾಕಿ ಮಾತಾಡಿದ್ದರು, ಸೇನೆಗಳು ಹಿಂದೆ ಸರಿದಿದ್ದವು. ಜಗತ್ತಿಗೆ ಸಿಡಿಲಿನಂತೆ ಕಂಡ ಭೇಟಿಯ ಕೆಳಗೆ ನಾಲ್ಕು ವರ್ಷದ ಕೆಲಸವಿತ್ತು, ಗಡಿಯಲ್ಲಿ ಗುಂಡಿನ ಸದ್ದೂ ಅಡಗಿತ್ತು. ಸಾದಾತ್ ತೆತ್ತ ಬೆಲೆಯನ್ನೂ ಮರೆಯಬಾರದು. ಅರಬ್ ಲೀಗ್ ಈಜಿಪ್ಟನ್ನು ಹೊರಗಿಟ್ಟಿತು, 1981ರ ಅಕ್ಟೋಬರ್ 6ರಂದು ಅವರ ಕೊಲೆಯಾಯಿತು. ಇನ್ನೊಂದು ಮಾತು: 1978ರ ಸೆಪ್ಟೆಂಬರ್‌ನಲ್ಲಿ ಕ್ಯಾಂಪ್ ಡೇವಿಡ್‌ನ ಹದಿಮೂರು ದಿನಗಳಲ್ಲಿ ಸಾದಾತ್ ಮತ್ತು ಇಸ್ರೇಲಿನ ಪ್ರಧಾನಿ ಬೆಗಿನ್ ಎದುರುಬದುರು ಮಾತಾಡಿದ್ದು ಮೊದಲ ಕೆಲವು ದಿನ ಮಾತ್ರ. ಅದು ಜಗಳದಲ್ಲಿ ಕೊನೆಗೊಂಡಿತು. ಆಮೇಲೆ ಕರಡು ಹಿಡಿದು ಒಂದು ಮನೆಯಿಂದ ಇನ್ನೊಂದು ಮನೆಗೆ ನಡೆದವರು ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್.

ನಾಯಕರು ಯಾಕೆ ಹಿಂಜರಿಯುತ್ತಾರೆ ಎಂಬುದಕ್ಕೆ ವಿದ್ವಾಂಸರ ವಿವರಣೆಗಳಿವೆ. ಯುದ್ಧದ ನಡುವೆ ಮಾತಿಗೆ ಒಪ್ಪಿದರೆ ಶತ್ರು ಅದನ್ನು ದೌರ್ಬಲ್ಯವೆಂದು ಓದಿಕೊಂಡು ಇನ್ನಷ್ಟು ಜೋರಾಗಿ ಹೊಡೆಯುತ್ತಾನೆ ಎಂಬ ಭಯವೇ ಬಾಗಿಲು ಮುಚ್ಚಿಸುತ್ತದೆ ಎಂದು ಒರಿಯಾನಾ ಸ್ಕೈಲರ್ ಮಾಸ್ಟ್ರೊ 2019ರ ತಮ್ಮ ಪುಸ್ತಕದಲ್ಲಿ ಕೊರಿಯಾ, ವಿಯೆಟ್ನಾಂ ಮತ್ತು 1962ರ ಭಾರತ–ಚೀನಾ ಯುದ್ಧಗಳನ್ನು ಇಟ್ಟುಕೊಂಡು ವಾದಿಸಿದ್ದಾರೆ. ಇಬ್ಬರಿಗೂ ಏಟು ತಾಳಲಾಗದೆ, ಮುಂದೆ ಹೋಗಲೂ ಆಗದೆ ಇರುವ ಘಟ್ಟ ಬಂದಾಗ ಮಾತ್ರ ಸಂಧಾನ ಪಕ್ವವಾಗುತ್ತದೆ ಎಂಬುದು ವಿಲಿಯಂ ಝಾರ್ಟ್‌ಮನ್ ಅವರ ಹಳೆಯ ಸಿದ್ಧಾಂತ. ಎರಡನೆಯದು ನಿಜವೇ ಆದರೂ ಮುನ್ಸೂಚನೆ ಹೇಳುವವರಿಗೆ ಅಷ್ಟು ಉಪಯೋಗವಿಲ್ಲ, ಪಕ್ವವಾಗಿತ್ತೆಂದು ತಿಳಿಯುವುದು ಹಣ್ಣು ಬಿದ್ದ ಮೇಲೆಯೇ. ನನಗೆ ಮೊದಲನೆಯದೇ ಹೆಚ್ಚು ಕೆಲಸಕ್ಕೆ ಬರುವಂಥದ್ದು ಎನಿಸುತ್ತದೆ.

ಪುಟಿನ್–ಝೆಲೆನ್‌ಸ್ಕಿ ವಿಷಯದಲ್ಲಿ ಇದಕ್ಕೆ ಇನ್ನೂ ಕೆಲವು ಗಂಟುಗಳು ಸೇರಿವೆ. ಝೆಲೆನ್‌ಸ್ಕಿಯವರ ಅವಧಿ 2024ರ ಮೇ ತಿಂಗಳಲ್ಲಿ ಮುಗಿಯಿತು, ಅವರ ಸಹಿಗೆ ಬೆಲೆಯಿಲ್ಲ ಎಂದು ಪುಟಿನ್ ಹೇಳುತ್ತಾ ಬಂದಿದ್ದಾರೆ. ಯುದ್ಧಕಾಲದ ಕಾನೂನಿನ ಪ್ರಕಾರ ಉಕ್ರೇನ್‌ನಲ್ಲಿ ಚುನಾವಣೆ ನಡೆಸುವಂತಿಲ್ಲ ಎಂಬುದು ಕೀವ್‌ನ ಉತ್ತರ. ಎದುರು ಕೂತರೆ ಸಾಕು, ಪುಟಿನ್ ಕಟ್ಟಿದ ಈ ವಾದ ಕುಸಿಯುತ್ತದೆ. ಇನ್ನೊಂದು ಕಡೆ, ರಷ್ಯಾ ನಾಲ್ಕು ಪ್ರಾಂತ್ಯಗಳನ್ನು ತನ್ನದೆಂದು ಸಾರಿದ ಬೆನ್ನಿಗೇ, 2022ರ ಅಕ್ಟೋಬರ್ 4ರಂದು, ಪುಟಿನ್ ಜತೆ ಸಂಧಾನ ಅಸಾಧ್ಯವೆಂದು ಸಾರುವ ಆದೇಶಕ್ಕೆ ಝೆಲೆನ್‌ಸ್ಕಿ ಸಹಿ ಹಾಕಿದ್ದರು. ಅದು ಬೇರೆಯವರನ್ನು ತಡೆಯುವುದಕ್ಕೆ, ತನಗಲ್ಲ ಎಂದು ಆಮೇಲೆ ವಿವರಿಸಿದರು. ಆ ತಡೆ ಈಗ ಹೆಸರಿಗಷ್ಟೇ. ನಿಜವಾದ ಭಿನ್ನಾಭಿಪ್ರಾಯ ಅನುಕ್ರಮದ್ದು: ಎಲ್ಲವೂ ತೀರ್ಮಾನವಾದ ಮೇಲೆ ಸಹಿಗೆಂದು ನಾಯಕರು ಕೂರಲಿ ಎನ್ನುತ್ತದೆ ಕ್ರೆಮ್ಲಿನ್; ರಷ್ಯಾದಲ್ಲಿ ತೀರ್ಮಾನಿಸುವವರು ಒಬ್ಬರೇ, ಆದ್ದರಿಂದ ಅವರೊಂದಿಗೇ ಮೊದಲು ಕೂರಬೇಕು ಎನ್ನುತ್ತಾರೆ ಝೆಲೆನ್‌ಸ್ಕಿ. 2025ರ ಮೇ ತಿಂಗಳಲ್ಲಿ ಇದು ಎಲ್ಲರ ಕಣ್ಣೆದುರು ನಡೆಯಿತು. ಇಸ್ತಾಂಬುಲ್‌ನಲ್ಲಿ ನೇರ ಮಾತುಕತೆಯಾಗಲಿ ಎಂದವರು ಪುಟಿನ್. ನಾನೇ ಬರುತ್ತೇನೆ, ನೀವೂ ಬನ್ನಿ ಎಂದರು ಝೆಲೆನ್‌ಸ್ಕಿ. ಅವರು ಟರ್ಕಿಗೆ ಹೋದರು, ಪುಟಿನ್ ತಮ್ಮ ಸಹಾಯಕ ಮೆಡಿನ್‌ಸ್ಕಿಯವರನ್ನು ಕಳಿಸಿದರು.

ಸ್ಥಳದ ಸಮಸ್ಯೆಯ ಬಗ್ಗೆ ಪತ್ರಿಕೆಗಳು ಬಹಳ ಬರೆಯುತ್ತವೆ. 2023ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಪುಟಿನ್ ಬಂಧನಕ್ಕೆ ವಾರಂಟ್ ಹೊರಡಿಸಿದೆ ನಿಜ. ಆದರೆ ಟರ್ಕಿ, ಸೌದಿ, ಯುಎಇ, ಕತಾರ್ ಯಾವುವೂ ಆ ನ್ಯಾಯಾಲಯದ ಸದಸ್ಯರಲ್ಲ. ಶಾಂತಿಗಾಗಿ ಬಂದರೆ ರಕ್ಷಣೆ ಕೊಡುತ್ತೇವೆ ಎಂದು ಸದಸ್ಯ ರಾಷ್ಟ್ರವಾದ ಸ್ವಿಟ್ಜರ್ಲೆಂಡ್ ಕೂಡ ಹೇಳಿತ್ತು. ಮನಸ್ಸಿದ್ದವರಿಗೆ ಜಾಗದ ಬರವಿಲ್ಲ.

ಇನ್ನು ಅಂದಾಜಿನ ಕಲೆ. ಫಿಲಿಪ್ ಟೆಟ್‌ಲಾಕ್ ಎಂಬ ಮನಶ್ಶಾಸ್ತ್ರಜ್ಞರು 284 ಪರಿಣತರ ರಾಜಕೀಯ ಭವಿಷ್ಯವಾಣಿಗಳನ್ನು ಸುಮಾರು ಎರಡು ದಶಕ ಹಿಂಬಾಲಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ದೊಡ್ಡ ಸಿದ್ಧಾಂತಕ್ಕೆ ಜೋತುಬಿದ್ದ, ಟಿವಿಗೆ ಪ್ರಿಯರಾದ ಪರಿಣತರೇ ಹೆಚ್ಚು ತಪ್ಪಿದ್ದರು. 2011ರಿಂದ ಅಮೆರಿಕದ ಗುಪ್ತಚರ ಸಂಶೋಧನಾ ಸಂಸ್ಥೆ ನಡೆಸಿದ ಸ್ಪರ್ಧೆಯಲ್ಲಿ ಅವರ ತಂಡದ ಸಾಮಾನ್ಯ ಸ್ವಯಂಸೇವಕರು ಮುಂದೆ ಬಂದರು. ಅವರ ವಿಧಾನದಲ್ಲಿ ಗುಟ್ಟೇನಿಲ್ಲ. ಇಂಥದ್ದು ಹಿಂದೆ ಎಷ್ಟು ಸಲ ನಡೆದಿದೆ ಎಂದು ಮೊದಲು ನೋಡುವುದು, ಈ ಪ್ರಕರಣದ ವಿಶೇಷಗಳಿಗೆ ತಕ್ಕಂತೆ ಆಮೇಲೆ ಸ್ವಲ್ಪಸ್ವಲ್ಪವೇ ತಿದ್ದುವುದು. ಅಂದಾಜಿಗೆ ಅಂಕ ಕೊಡುವ ಕ್ರಮವನ್ನು 1950ರಲ್ಲಿ ಗ್ಲೆನ್ ಬ್ರಯರ್ ಎಂಬ ಹವಾಮಾನ ತಜ್ಞ ರೂಪಿಸಿದರು. ಶೇ 90 ಸಾಧ್ಯತೆ ಇದೆ ಎಂದು ಹೇಳಿ ಅದು ನಡೆಯದಿದ್ದರೆ ದಂಡ 0.81. ಶೇ 10 ಎಂದಿದ್ದರೆ ಬರೀ 0.01. 2025ರ ಆಗಸ್ಟ್‌ನಲ್ಲಿ ಗದ್ದಲಕ್ಕೆ ಮರುಳಾದವರೆಲ್ಲ ಆ ಮೊದಲನೆಯ ದಂಡವನ್ನೇ ತೆತ್ತಂತಾಯಿತು.

ಗಡುವಿನ ವಿಷಯದಲ್ಲಿ ಜನ ಹೆಚ್ಚು ಎಡವುತ್ತಾರೆ. ಯಾವುದೇ ಒಂದು ತಿಂಗಳಲ್ಲಿ ಭೇಟಿಯಾಗುವ ಸಾಧ್ಯತೆ ಶೇ 2 ಎಂದು ಹಿಡಿದರೆ, ಒಂದು ವರ್ಷದೊಳಗೆ ಒಮ್ಮೆಯಾದರೂ ಆಗುವ ಸಾಧ್ಯತೆ ಸುಮಾರು ಶೇ 22. 'ಎಂದಾದರೂ ಆದೀತು' ಎನ್ನುವುದೂ 'ಈ ತಿಂಗಳು ಆಗದು' ಎನ್ನುವುದೂ ಒಟ್ಟಿಗೇ ನಿಜವಾಗಿರಬಹುದು. ಎರಡನೆಯ ತಪ್ಪು ಘೋಷಣೆಯನ್ನು ಸಾಕ್ಷ್ಯವೆಂದು ನಂಬುವುದು. ಭೇಟಿ ಆಗಲಿದೆ ಎಂದು ಹೇಳುವುದರಿಂದ ಮಧ್ಯಸ್ಥನಿಗೆ ಕೀರ್ತಿಯಿದೆ, ಇನ್ನೊಬ್ಬನಿಗೆ ನಿರ್ಬಂಧ ತಪ್ಪಿಸಿಕೊಳ್ಳಲು ಸಮಯ ಸಿಗುತ್ತದೆ, ಮತ್ತೊಬ್ಬನಿಗೆ 'ನಾನು ಸಿದ್ಧ, ಅವನೇ ಒಲ್ಲ' ಎಂದು ತೋರಿಸಲು ಅವಕಾಶ. ಹೇಳುವವರೆಲ್ಲರಿಗೂ ಹೇಳುವುದರಿಂದಲೇ ಲಾಭವಿರುವಾಗ ಆ ಮಾತಿಗೆ ತೂಕ ಬಹಳ ಕಡಿಮೆ. 2025ರ ಅಕ್ಟೋಬರ್‌ನಲ್ಲಿ ಘೋಷಣೆಯಾದ ಟ್ರಂಪ್–ಪುಟಿನ್ ಬುಡಾಪೆಸ್ಟ್ ಭೇಟಿಯೇ ಕೆಲವು ದಿನಗಳಲ್ಲಿ ರದ್ದಾಯಿತು. ಅವರಿಬ್ಬರು ಪರಸ್ಪರ ಯುದ್ಧದಲ್ಲೂ ಇರಲಿಲ್ಲ.

ನೋಡಬೇಕಾದದ್ದು ಕೆಳಗಿನ ಹಂತದ ಕೆಲಸ. 2025ರ ಮೇ 16ರಂದು ಇಸ್ತಾಂಬುಲ್‌ನಲ್ಲಿ ನಾಯಕರಿಲ್ಲದ ಆ ನಿಯೋಗಗಳು ಎರಡೂ ಕಡೆಯ ತಲಾ 1,000 ಕೈದಿಗಳ ವಿನಿಮಯಕ್ಕೆ ಒಪ್ಪಿದವು, ಮುಂದಿನ ವಾರದಲ್ಲಿ ಅದು ನಡೆಯಿತು. ಜೂನ್ 2ರಂದು ತೀವ್ರವಾಗಿ ಗಾಯಗೊಂಡವರು, 25 ವರ್ಷದೊಳಗಿನವರು ಮತ್ತು ಸಾವಿರಾರು ಶವಗಳ ವಿನಿಮಯಕ್ಕೆ ಒಪ್ಪಂದವಾಯಿತು. 2022ರ ಜುಲೈನಲ್ಲಿ ಧಾನ್ಯ ಒಪ್ಪಂದಕ್ಕೆ ಎರಡೂ ದೇಶಗಳು ಟರ್ಕಿ ಮತ್ತು ವಿಶ್ವಸಂಸ್ಥೆಯ ಜತೆ ಬೇರೆಬೇರೆ ಕಾಗದಗಳಿಗೆ ಸಹಿ ಹಾಕಿ ಸುಮಾರು 3.3 ಕೋಟಿ ಟನ್ ಧಾನ್ಯ ಸಾಗಲು ದಾರಿ ಮಾಡಿದವು. ಈ ಮೂರಕ್ಕೂ ಶೃಂಗಸಭೆ ಬೇಕಾಗಲಿಲ್ಲ. ಮಗನ ದೇಹವಾದರೂ ಮನೆಗೆ ಬರಲಿ ಎಂದು ಕಾಯುವ ತಾಯಿಗೆ ಇಸ್ತಾಂಬುಲ್‌ನ ಆ ಅಧಿಕಾರಿಗಳ ಕಾಗದವೇ ದೊಡ್ಡದು. ನಾಯಕರ ಕೈಕುಲುಕಿನ ಚಿತ್ರಕ್ಕೆ ಮೀಸಲಿಡುವ ಜಾಗದಲ್ಲಿ ಅರ್ಧವನ್ನಾದರೂ ನಮ್ಮ ಸುದ್ದಿಮನೆಗಳು ಇದಕ್ಕೆ ಕೊಡಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಹಾಗೆಂದು ಕೈದಿಗಳ ವಿನಿಮಯ ಹೆಚ್ಚಾದರೆ ನಾಯಕರ ಭೇಟಿ ಹತ್ತಿರವಾಯಿತು ಎಂದೂ ಅಲ್ಲ, ಆ ವಿನಿಮಯ ಯುದ್ಧದ ಉದ್ದಕ್ಕೂ ನಡೆದಿದೆ. ನನ್ನ ಅಂದಾಜಿನ ಅಂಕಿಯನ್ನು ಅಲುಗಿಸುವ ಸಂಗತಿಗಳು ಕೆಲವೇ. ಝೆಲೆನ್‌ಸ್ಕಿಯವರ ಸಹಿ ನಡೆಯುವುದಿಲ್ಲ ಎಂಬ ಮಾತನ್ನು ಕ್ರೆಮ್ಲಿನ್ ಕೈಬಿಡುವುದು. ಮೆಡಿನ್‌ಸ್ಕಿಯಂಥವರ ಬದಲು ನಿಜವಾದ ಅಧಿಕಾರವಿರುವವರು ನಿಯೋಗದ ಮುಂಚೂಣಿಗೆ ಬರುವುದು. ಪ್ರದೇಶ ಮತ್ತು ಭದ್ರತಾ ಖಾತರಿಯ ಬಗ್ಗೆ ಕರಡು ವಿನಿಮಯವಾಗಿ ಅದು ಸೋರಿಕೆಯಾಗದೆ ವಾರಗಟ್ಟಲೆ ಉಳಿಯುವುದು. ಆಕಾಶದ ದಾಳಿಗಳಾದರೂ ಒಂದಷ್ಟು ಕಾಲ ನಿಲ್ಲುವುದು. ಇವು ಯಾವುವೂ ಇಲ್ಲದಿದ್ದರೆ, ಯಾರು ಎಷ್ಟೇ ದೊಡ್ಡ ಘೋಷಣೆ ಮಾಡಲಿ, ಮೂರು ತಿಂಗಳ ಗಡುವಿಗೆ ನಾನು ಶೇ 5ಕ್ಕಿಂತ ಮೇಲೆ ಹೋಗಲಾರೆ. ಮೊದಲನೆಯದು ಒಂದೇ ಆದರೂ ಶೇ 15ಕ್ಕೆ ಏರಿಸುತ್ತೇನೆ. ನಾಲ್ಕೂ ಕೂಡಿಬಂದು, ಇಸ್ತಾಂಬುಲ್‌ನಲ್ಲೋ ಅಬುಧಾಬಿಯಲ್ಲೋ ಎರಡೂ ಕಡೆಯ ನಕ್ಷೆ ತಯಾರಿಸುವವರು ಮನೆಗೆ ಮರಳದೆ ಬೀಡುಬಿಟ್ಟರೆ, ಅರ್ಧಕ್ಕಿಂತ ಹೆಚ್ಚು.